ಫ್ರಿಜ್ ಮೇಲಿನ ವಚನ, ಬಾಬೆಲಿಗೆ ಹೋದ ಪತ್ರ

ನಮ್ಮ ಚಿಕ್ಕಮ್ಮನ ಮನೆ ಫ್ರಿಜ್ ಮೇಲೆ ಒಂದು ಮ್ಯಾಗ್ನೆಟ್ ಇದೆ. ಸೂರ್ಯ ಹುಟ್ಟೋ ಫೋಟೋ, ಅದರ ಮೇಲೆ ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಏನು ಅಂತ ನನಗೆ ಗೊತ್ತು, ಅದು ಹಿತದ ಯೋಚನೆ, ಕೇಡಿನದಲ್ಲ, ನಿಮಗೆ ಮುಂದೊಂದು ಗತಿ ಇದೆ, ನಿರೀಕ್ಷೆ ಇದೆ ಅನ್ನೋ ವಚನ. ಆ ಮ್ಯಾಗ್ನೆಟ್ ಕೆಳಗೆ ಹಾಲಿನ ಲೆಕ್ಕದ ಚೀಟಿ ಸಿಕ್ಕಿಸಿರ್ತಾರೆ. ಇಪ್ಪತ್ತು ವರ್ಷದಿಂದ ಚೀಟಿ ಬದಲಾಗ್ತಾ ಇದೆ, ವಚನ ಹಾಗೇ ಇದೆ.

ಈಗ ಯಾರ ಮನೇಲಿ ಈ ವಚನ ಇದೆ ಅಂತ ಕೇಳಿದಾಗ ಎಷ್ಟು ಕೈ ಎದ್ದವು ನೋಡಿದ್ರಲ್ಲ. ಕ್ಯಾಲೆಂಡರ್‌ನಲ್ಲಿ, ಮೊಬೈಲ್ ಕವರ್ ಹಿಂದೆ, ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಹಂಚೋ ವಾಗ್ದಾನದ ಕಾರ್ಡ್‌ನಲ್ಲಿ, ಎಲ್ಲಾ ಕಡೆ. ನನಗೂ ಒಂದು ವರ್ಷ ಇದೇ ಕಾರ್ಡ್ ಬಂದಿತ್ತು, ಆ ವರ್ಷ ನಾನು ಕೆಲಸ ಹುಡುಕ್ತಾ ಇದ್ದೆ, ಪರ್ಸ್‌ನಲ್ಲಿ ಇಟ್ಕೊಂಡು ಇಂಟರ್‌ವ್ಯೂಗೆ ಹೋಗಿದ್ದೆ. ಕೆಲಸ ಸಿಗ್ಲಿಲ್ಲ, ಅದು ಬೇರೆ ವಿಷಯ. ಆಮೇಲೆ ಒಂದಿನ ಸುಮ್ನೆ ಕೂತು ಇಡೀ ಅಧ್ಯಾಯ ಓದಿದೆ. 11ನೇ ವಚನದ ಹಿಂದಿನ ವಚನ, ಅಂದ್ರೆ 10, ಅದರಲ್ಲಿ ಏನಿದೆ ಅಂದ್ರೆ ಬಾಬೆಲಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನ ನೋಡ್ಕೋತೀನಿ ಅಂತ. ಎಪ್ಪತ್ತು ವರ್ಷ! 10ನೇ ವಚನವನ್ನ ಯಾರೂ ಮ್ಯಾಗ್ನೆಟ್ ಮಾಡಿಸಲ್ಲ.

ಅವತ್ತಿಂದ ನನ್ನ ತಲೇಲಿ ಒಂದೇ ಪ್ರಶ್ನೆ, ಈ ಮಾತು ಹೇಳಿದ್ದು ಯಾರು, ಯಾರಿಗೆ, ಯಾವಾಗ, ಅವತ್ತು ಊರಲ್ಲಿ ಏನು ನಡೀತಿತ್ತು. ಇವತ್ತು ಅದನ್ನೇ ಮಾತಾಡೋಣ. ಇದು ಪ್ರವಾದನೆ ಅನ್ನೋದಕ್ಕಿಂತ ಮೊದಲು ಒಂದು ಪತ್ರ. ನಿಜವಾದ ಪತ್ರ, ವಿಳಾಸ ಇದೆ, ತಗೊಂಡು ಹೋದವರ ಹೆಸರಿದೆ, ಅದಕ್ಕೆ ಸಿಟ್ಟಿಂದ ಬಂದ ಉತ್ತರನೂ ಇದೆ.

ಮೊದಲು ಮ್ಯಾಪ್ ತಲೇಲಿ ಇಟ್ಕೊಳ್ಳಿ. ಯೆಹೂದ ಅನ್ನೋದು ಪುಟ್ಟ ರಾಜ್ಯ, ರಾಜಧಾನಿ ಯೆರೂಸಲೇಮ್. ಕೆಳಗೆ ನೈರುತ್ಯಕ್ಕೆ ಈಜಿಪ್ಟು, ನಮ್ಮ ಬೈಬಲ್‌ನ ಐಗುಪ್ತ. ಮೇಲೆ ಈಶಾನ್ಯದಲ್ಲಿ ಮೊದಲು ಅಶ್ಶೂರ, ಆಮೇಲೆ ಪೂರ್ವದ ಕಡೆಯಿಂದ ಬಾಬೆಲ್, ಅಂದ್ರೆ ಬ್ಯಾಬಿಲೋನ್. ಎರಡು ಆನೆ ಜಗಳಕ್ಕೆ ನಿಂತಾಗ ಮಧ್ಯದಲ್ಲಿ ಸಿಕ್ಕ ಹುಲ್ಲು ಅಂತಾರಲ್ಲ, ಯೆಹೂದ ಅದು. ಯೆರೆಮೀಯ ಯೆರೂಸಲೇಮಿಗೆ ಹತ್ತಿರದಲ್ಲೇ, ನಡ್ಕೊಂಡೇ ಹೋಗಬಹುದಾದ ದೂರದ ಅನಾತೋತ್ ಅನ್ನೋ ಊರಿನವನು, ಯಾಜಕರ ಮನೆತನ. ಅವನಿಗೆ ಕರೆ ಬಂದಿದ್ದು ಯೋಷೀಯ ರಾಜನ 13ನೇ ವರ್ಷದಲ್ಲಿ, ಅಂದ್ರೆ ಕ್ರಿ.ಪೂ. 627ರ ಸುಮಾರಿಗೆ. ಕ್ರಿಸ್ತಪೂರ್ವದಲ್ಲಿ ಇಸವಿ ಇಳೀತಾ ಬರುತ್ತೆ, ಕನ್‌ಫ್ಯೂಸ್ ಆಗ್ಬೇಡಿ.

ಆಗ ಅಶ್ಶೂರ ಕುಸೀತಾ ಇತ್ತು. 612ರಲ್ಲಿ ಅದರ ರಾಜಧಾನಿ ನಿನೆವೆ ಬಿತ್ತು. 609ರಲ್ಲಿ ಈಜಿಪ್ಟಿನ ಫರೋಹ ನೆಕೋ ಅಶ್ಶೂರದ ಅಳಿದುಳಿದ ಸೈನ್ಯಕ್ಕೆ ಸಹಾಯ ಮಾಡೋಕೆ ಅಂತ ಉತ್ತರಕ್ಕೆ ಹೊರಟ, ದಾರೀಲಿ ಮೆಗಿದ್ದೋದಲ್ಲಿ ಯೋಷೀಯ ಸತ್ತ. ಜನ ತುಂಬಾ ಭರವಸೆ ಇಟ್ಕೊಂಡಿದ್ದ ರಾಜ ಅವನು, ದೇವಾಲಯ ಶುದ್ಧ ಮಾಡಿದವನು. ಅವನ ಮಗನನ್ನ ಜನ ಪಟ್ಟಕ್ಕೆ ಕೂರಿಸಿದ್ರು, ಮೂರೇ ತಿಂಗಳಿಗೆ ನೆಕೋ ಅವನನ್ನ ಎಳ್ಕೊಂಡು ಹೋಗಿ ಇನ್ನೊಬ್ಬ ಮಗ ಯೆಹೋಯಾಕೀಮನನ್ನ ಕೂರಿಸಿದ. ನಾಲ್ಕು ವರ್ಷಕ್ಕೆ, 605ರಲ್ಲಿ, ಕರ್ಕೆಮೀಷ್ ಅನ್ನೋ ಕಡೆ ಬಾಬೆಲಿನ ಯುವರಾಜ ನೆಬೂಕದ್ನೆಚ್ಚರ ಈಜಿಪ್ಟಿನ ಸೈನ್ಯವನ್ನ ಹೊಡೆದು ಹಾಕಿದ, ಅದೇ ವರ್ಷ ಅಪ್ಪ ಸತ್ತು ಇವನೇ ರಾಜ ಆದ. ಯಜಮಾನ ಬದಲಾದ ಅಷ್ಟೇ, ಕಪ್ಪ ಕಟ್ಟೋದು ತಪ್ಪಲಿಲ್ಲ.

ಇಲ್ಲೊಂದು ಸೀನ್ ಹೇಳ್ಲೇಬೇಕು, ಸ್ವಲ್ಪ ದಾರಿ ಬಿಟ್ಟು ಹೋಗ್ತೀನಿ. 36ನೇ ಅಧ್ಯಾಯ. ಯೆರೆಮೀಯನ ಮಾತುಗಳನ್ನ ಬಾರೂಕ ಅನ್ನೋ ಲೇಖಕ ಸುರುಳೀಲಿ ಬರ್ಕೊಂಡು ದೇವಾಲಯದಲ್ಲಿ ಓದ್ತಾನೆ, ಅದು ಅರಮನೆವರೆಗೂ ಹೋಗುತ್ತೆ. ಒಂಬತ್ತನೇ ತಿಂಗಳು, ಚಳಿಗಾಲ, ರಾಜ ಯೆಹೋಯಾಕೀಮ ಅಗ್ಗಿಷ್ಟಿಕೆ ಮುಂದೆ ಕೂತಿದಾನೆ. ಓದೋನು ಮೂರ್ನಾಲ್ಕು ಕಾಲಂ ಓದ್ತಿದ್ದ ಹಾಗೆ ರಾಜ ಲೇಖಕರ ಚಾಕು ತಗೊಂಡು ಅಷ್ಟನ್ನ ಕತ್ತರಿಸಿ ಬೆಂಕಿಗೆ ಹಾಕ್ತಾನೆ. ಮತ್ತೆ ಓದು, ಮತ್ತೆ ಕತ್ತರಿಸು. ಹೀಗೆ ಇಡೀ ಸುರುಳಿ. ಇದನ್ನ ಬರೀ ಅಹಂಕಾರ ಅಂತ ಓದ್ಬಿಡ್ತೀವಿ. ಆದ್ರೆ ಬಾಬೆಲಿನ ಒಂದು ಮಣ್ಣಿನ ಫಲಕದಲ್ಲಿ, ಅವರ ರಾಜರ ವರ್ಷವಾರು ವರದಿ ಬರೆದಿರೋ ಫಲಕ ಅದು, ನೆಬೂಕದ್ನೆಚ್ಚರನ ಮೊದಲನೇ ವರ್ಷ ಕಿಸ್ಲೇವ್ ತಿಂಗಳಲ್ಲಿ ಅವನು ಅಷ್ಕೆಲೋನ್ ಪಟ್ಟಣ ಹಿಡಿದ ಅಂತ ಇದೆ. ಕಿಸ್ಲೇವ್ ಅಂದ್ರೆ ಒಂಬತ್ತನೇ ತಿಂಗಳು. ವರ್ಷ 604. ಸುರುಳಿ ಸುಟ್ಟ ತಿಂಗಳೂ ಅದೇ, ವರ್ಷನೂ ಅದೇ. ಅಷ್ಕೆಲೋನ್ ಇರೋದು ಪಕ್ಕದ ಕರಾವಳಿಯಲ್ಲಿ. ಶತ್ರು ಪಕ್ಕದ ಊರಿಗೆ ಬಂದಿದಾನೆ, ಊರಲ್ಲಿ ಉಪವಾಸ ಸಾರಿದಾರೆ, ಅಂಥಾ ಹೊತ್ತಲ್ಲಿ ಒಬ್ಬ ಬಂದು ಬಾಬೆಲಿನ ರಾಜ ಈ ದೇಶ ಹಾಳು ಮಾಡ್ತಾನೆ ಅಂತ ಓದಿಸಿದ್ರೆ ರಾಜನ ಕೈಯಲ್ಲಿದ್ದ ಚಾಕು ನಡುಗ್ತಿತ್ತಾ ಅಂತ ನನಗೆ ಅನುಮಾನ. ಇದು ನನ್ನ ಊಹೆ, ಬೈಬಲ್‌ನಲ್ಲಿ ಇಲ್ಲ.

ಆ ರಾಜನಿಗೆ ಸುಡಬೇಡಿ ಅಂತ ಬೇಡ್ಕೊಂಡ ಮೂವರಲ್ಲಿ ಒಬ್ಬ ಗೆಮರ್ಯ, ಶಾಫಾನನ ಮಗ. ಶಾಫಾನ ಅನ್ನೋ ಹೆಸರು ನೆನಪಿಟ್ಕೊಳ್ಳಿ, ಪತ್ರದ ವಿಷಯಕ್ಕೆ ಬೇಕಾಗುತ್ತೆ.

601ರಲ್ಲಿ ನೆಬೂಕದ್ನೆಚ್ಚರ ಈಜಿಪ್ಟಿನ ಮೇಲೆ ಹೋಗಿ ಚೆನ್ನಾಗಿ ಪೆಟ್ಟು ತಿಂದು ವಾಪಸ್ ಬಂದ. ಇದನ್ನ ನೋಡಿ ಯೆಹೋಯಾಕೀಮ ಇನ್ನು ಕಪ್ಪ ಕೊಡಲ್ಲ ಅಂದ. ಲೆಕ್ಕ ತಪ್ಪಿತು. 598ರ ಕೊನೆಗೆ ಬಾಬೆಲಿನ ದಂಡು ಬಂತು, ಅಷ್ಟರಲ್ಲಿ ಯೆಹೋಯಾಕೀಮ ಸತ್ತಿದ್ದ, 18 ವರ್ಷದ ಮಗ ಯೆಹೋಯಾಖೀನ ಸಿಂಹಾಸನದ ಮೇಲೆ ಕೂತಿದ್ದ. ನಮ್ಮ ಕಡೆ ಆಗಿದ್ರೆ ಡಿಗ್ರಿ ಫಸ್ಟ್ ಇಯರ್ ಹುಡುಗ. ಮೂರು ತಿಂಗಳು ಆಳಿ ಶರಣಾದ.

ಅಷ್ಕೆಲೋನ್ ಸುದ್ದಿ ಇದ್ದ ಆ ಮಣ್ಣಿನ ಫಲಕ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ನಂಬರ್ 21946, 1956ರಲ್ಲಿ ಡಿ.ಜೆ. ವೈಸ್‌ಮನ್ ಅದನ್ನ ಓದಿ ಪ್ರಕಟಿಸಿದ್ರು. ಅಂಗೈ ಅಗಲದ ಮಣ್ಣಿನ ತುಂಡು. ಅದರಲ್ಲಿರೋದು ನೆಬೂಕದ್ನೆಚ್ಚರನ ಏಳನೇ ವರ್ಷ, ಯೆಹೂದದ ಪಟ್ಟಣಕ್ಕೆ ಮುತ್ತಿಗೆ, ಆದಾರ್ ತಿಂಗಳ ಎರಡನೇ ದಿನ ಪಟ್ಟಣ ವಶ, ಅಲ್ಲಿನ ರಾಜನನ್ನ ಹಿಡಿದ, ತನಗೆ ಬೇಕಾದ ರಾಜನನ್ನ ನೇಮಿಸಿದ, ಭಾರಿ ಕಪ್ಪ ತಗೊಂಡು ಹೋದ. ಅಷ್ಟೇ, ಮೂರ್ನಾಲ್ಕು ಸಾಲು. ಪಂಚಾಂಗದ ಲೆಕ್ಕ ಹಾಕಿದ್ರೆ ಅದು ಕ್ರಿ.ಪೂ. 597ರ ಮಾರ್ಚ್ 16. ಬೈಬಲ್‌ನ ಹಳೇ ಒಡಂಬಡಿಕೆಯ ಘಟನೆಗೆ ತಾರೀಖು ಸಮೇತ ಹೊರಗಿನವರ ದಾಖಲೆ ಸಿಗೋದು ತುಂಬಾ ಅಪರೂಪ, ಇದು ಸಿಕ್ಕಿದೆ. ನಮಗೆ ಇಡೀ ಲೋಕವೇ ಮುಳುಗಿದ ದಿನ ಅವರಿಗೆ ವರ್ಷದ ವರದೀಲಿ ಮೂರು ಸಾಲು. ಇದನ್ನ ಓದಿದಾಗ ನನಗೆ ಯಾಕೋ ಹೊಟ್ಟೆ ಒಳಗೆ ಒಂಥರಾ ಆಯ್ತು.

ಯಾರನ್ನೆಲ್ಲ ಹಿಡ್ಕೊಂಡು ಹೋದ್ರು? ರಾಜ, ರಾಜಮಾತೆ, ಅರಮನೆ ಅಧಿಕಾರಿಗಳು, ಸೈನಿಕರು, ಬಡಗಿಗಳು, ಕಮ್ಮಾರರು. ಎರಡನೇ ಅರಸುಗಳ ಪುಸ್ತಕ ಹತ್ತು ಸಾವಿರ ಅನ್ನುತ್ತೆ, ಯೆರೆಮೀಯನ 52ನೇ ಅಧ್ಯಾಯ 3,023 ಅನ್ನುತ್ತೆ. ಒಂದರಲ್ಲಿ ಮನೆ ಯಜಮಾನರನ್ನ ಮಾತ್ರ ಎಣಿಸಿರಬಹುದು, ಇನ್ನೊಂದರಲ್ಲಿ ಎಲ್ಲರನ್ನೂ, ಗೊತ್ತಿಲ್ಲ, ಇವತ್ತು ಆ ಜಗಳ ಬೇಡ. ವಿಷಯ ಏನಂದ್ರೆ ಕೈಯಲ್ಲಿ ಕೆಲಸ ಇರೋರು, ತಲೇಲಿ ಓದು ಇರೋರು, ಅವರನ್ನೇ ಆರಿಸಿ ಕರ್ಕೊಂಡು ಹೋದ. ಕಮ್ಮಾರ ಹೋದ್ರೆ ಕತ್ತಿ ಮಾಡೋರಿಲ್ಲ. ಪ್ರವಾದಿ ಯೆಹೆಜ್ಕೇಲನೂ ಇದೇ ಗುಂಪಲ್ಲಿ ಹೋದವನು. ದೂರ ಎಷ್ಟು ಅಂದ್ರೆ, ಎಷ್ಟೋ ಕಾಲದ ನಂತರ ಎಜ್ರ ಅನ್ನೋ ಯಾಜಕ ಅದೇ ದಾರೀಲಿ ವಾಪಸ್ ಬಂದಾಗ ನಾಲ್ಕು ತಿಂಗಳು ಹಿಡೀತು, ಅದೂ ರಾಜನ ಪರ್ಮಿಷನ್ ಇಟ್ಕೊಂಡು. ಇವರು ಹೋಗಿದ್ದು ಸೆರೆಯಾಳುಗಳಾಗಿ.

ಯೆರೂಸಲೇಮಿನಲ್ಲಿ ಹುಡುಗನ ಚಿಕ್ಕಪ್ಪ ಚಿದ್ಕೀಯನನ್ನ ರಾಜ ಮಾಡಿದ್ರು, 21 ವರ್ಷ. ಆದ್ರೆ ನಿಜವಾದ ರಾಜ ಬಾಬೆಲಿನಲ್ಲಿ ಬದುಕಿದಾನೆ ಅಂತ ಎಲ್ರಿಗೂ ಗೊತ್ತು. ದೇವಾಲಯ ಇನ್ನೂ ನಿಂತಿದೆ, ಊರು ಇನ್ನೂ ಸುಟ್ಟಿಲ್ಲ. ಇದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ಯಾಕಂದ್ರೆ ನಾವು ಸೆರೆ ಅಂದ್ರೆ 587ರಲ್ಲಿ ಊರು ಸುಟ್ಟು ಹೋಗಿದ್ದೇ ನೆನೆಸ್ಕೋತೀವಿ. ಈ ಪತ್ರ ಬರೆದಾಗ ಅದು ಇನ್ನೂ ಆಗಿಲ್ಲ. ಅರ್ಧ ಜನ ಅಲ್ಲಿ, ಅರ್ಧ ಜನ ಇಲ್ಲಿ, ಎಲ್ಲರೂ ಕೇಳ್ತಿರೋದು ಒಂದೇ ಪ್ರಶ್ನೆ. ಯಾವಾಗ ವಾಪಸ್?

ಈಗ 594ಕ್ಕೆ ಬರೋಣ. ಅದೇ ಬಾಬೆಲಿನ ವರದೀಲಿ ನೆಬೂಕದ್ನೆಚ್ಚರನ ಹತ್ತನೇ ವರ್ಷ ಸ್ವಂತ ದೇಶದಲ್ಲೇ ದಂಗೆ ಆಯ್ತು, ತನ್ನ ಸೈನ್ಯದ ಎಷ್ಟೋ ಜನರನ್ನ ಕೊಂದ ಅಂತ ಇದೆ. ಅದೇ ಹೊತ್ತಿಗೆ ಈಜಿಪ್ಟಿನಲ್ಲಿ ನೆಕೋ ಸತ್ತು ಹೊಸ ಫರೋಹ ಬಂದಿದ್ದ. ಸುದ್ದಿ ಹರಡಿತು. ಬಾಬೆಲ್ ಅಲ್ಲಾಡ್ತಾ ಇದೆ, ಇದೇ ಚಾನ್ಸು. ಎದೋಮ್, ಮೋವಾಬ್, ಅಮ್ಮೋನ್, ತೂರ್, ಚೀದೋನ್, ಐದು ದೇಶದ ರಾಯಭಾರಿಗಳು ಯೆರೂಸಲೇಮಿಗೆ ಬಂದು ಚಿದ್ಕೀಯನ ಜೊತೆ ಮೀಟಿಂಗ್. ಇದು 27ನೇ ಅಧ್ಯಾಯ. (ಹೀಬ್ರೂ ಪಠ್ಯದಲ್ಲಿ ಈ ಅಧ್ಯಾಯದ ಮೊದಲನೇ ಸಾಲಲ್ಲಿ ಯೆಹೋಯಾಕೀಮನ ಹೆಸರಿದೆ, ಮೂರನೇ ವಚನಕ್ಕೆ ಬಂದ್ರೆ ಚಿದ್ಕೀಯ. ನಕಲು ಮಾಡೋನ ಕೈ ತಪ್ಪು ಅಂತ ಬಹಳ ಜನ ಒಪ್ತಾರೆ.) ಆ ಮೀಟಿಂಗ್‌ಗೆ ಯೆರೆಮೀಯ ಹೇಗೆ ಬಂದ ಗೊತ್ತಾ, ಕುತ್ತಿಗೆಗೆ ನೊಗ ಹಾಕ್ಕೊಂಡು. ಎತ್ತಿನ ಕುತ್ತಿಗೆ ಮೇಲೆ ಇಡ್ತಾರಲ್ಲ, ಮರದ ನೊಗ, ಮಿಣಿ ಸಮೇತ. ನೀವೆಲ್ಲಾ ಬಾಬೆಲಿನ ನೊಗಕ್ಕೆ ಕುತ್ತಿಗೆ ಕೊಡಿ, ಬದುಕಿ ಅಂತ ಹೇಳಿದ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೆಬೂಕದ್ನೆಚ್ಚರ ದೇವರ ಸೇವಕ ಅಂದ. ಊರವರ ಕಿವೀಲಿ ಅದು ಹೇಗೆ ಕೇಳಿಸಿರ್ಬೇಕು ಯೋಚನೆ ಮಾಡಿ. ದೇಶದ್ರೋಹಿ ಅನ್ನದೆ ಇನ್ನೇನಂತಾರೆ?

ಆಗ ಎದ್ದು ನಿಂತವನು ಹನನ್ಯ, ಗಿಬ್ಯೋನ್ ಊರಿನ ಪ್ರವಾದಿ. ದೇವಾಲಯದಲ್ಲಿ, ಯಾಜಕರ ಮುಂದೆ, ಜನರ ಮುಂದೆ, ಯೆರೆಮೀಯನ ಕುತ್ತಿಗೆಯಿಂದ ನೊಗ ಕಿತ್ತು ಮುರಿದು ಹಾಕಿದ. ಎರಡೇ ವರ್ಷ, ಎರಡು ವರ್ಷದ ಒಳಗೆ ಬಾಬೆಲಿನ ನೊಗ ಹೀಗೇ ಮುರಿಯುತ್ತೆ, ದೇವಾಲಯದ ಪಾತ್ರೆಗಳು ವಾಪಸ್, ರಾಜ ವಾಪಸ್, ಜನ ವಾಪಸ್ ಅಂದ.

ನಾವು ಹನನ್ಯನನ್ನ ಸುಳ್ಳು ಪ್ರವಾದಿ ಅಂತ ಸಂಡೇ ಸ್ಕೂಲ್‌ನಲ್ಲಿ ಕಲ್ತಿದೀವಿ, ಅದರಿಂದ ಅವನು ಯಾವುದೋ ಮೋಸಗಾರ, ದುಡ್ಡಿಗೆ ಮಾತಾಡೋನು ಅನ್ಕೋತೀವಿ. ನನಗೆ ಹಾಗೆ ಅನ್ಸಲ್ಲ. ಸುಮಾರು ನೂರು ವರ್ಷದ ಹಿಂದೆ, 701ರಲ್ಲಿ, ಅಶ್ಶೂರದ ಸನ್ಹೇರೀಬ ಇದೇ ಯೆರೂಸಲೇಮಿಗೆ ಮುತ್ತಿಗೆ ಹಾಕಿದ್ದ. ಯೆಶಾಯ ಪ್ರವಾದಿ ಆಗ ಅವನು ಒಳಗೆ ಬರಲ್ಲ ಅಂದ, ಸನ್ಹೇರೀಬ ಊರು ಹಿಡೀದೆ ವಾಪಸ್ ಹೋದ. ಇದು ಜನರ ರಕ್ತಕ್ಕೆ ಸೇರಿ ಹೋಗಿತ್ತು. ಈಗ ಯೆಶಾಯನ ಪುಸ್ತಕ ತೆಗೆದು ನೋಡಿ, ಅಶ್ಶೂರದ ನೊಗ ಮುರೀತೀನಿ, ಹೆಗಲ ಮೇಲಿಂದ ಹೊರೆ ತೆಗೀತೀನಿ ಅನ್ನೋ ಮಾತು ಮತ್ತೆ ಮತ್ತೆ ಬರುತ್ತೆ. 9ರಲ್ಲಿ, 10ರಲ್ಲಿ, 14ರಲ್ಲಿ. ಹನನ್ಯ ಏನು ಮಾಡಿದ? ನೊಗ ಮುರಿದ! ಅವನ ಬಾಯಲ್ಲಿ ಬಂದಿದ್ದು ಯೆಶಾಯನ ಮಾತು. ದೇವರ ವಾಕ್ಯವೇ, ಒಂದು ಕಾಲದಲ್ಲಿ ನಿಜವಾಗಿದ್ದ ವಾಕ್ಯ. ಅದು ಯಾರಿಗೆ ಯಾವಾಗ ಹೇಳಿದ್ದು ಅನ್ನೋದನ್ನ ಬಿಟ್ಟು, ಮಾತನ್ನ ಮಾತ್ರ ಎತ್ಕೊಂಡು ಬಂದು ಇವತ್ತಿನ ಗೋಡೆಗೆ ಅಂಟಿಸಿದ. ಇವತ್ತಿನ ಭಾಷೇಲಿ ಹೇಳೋದಾದ್ರೆ ಹನನ್ಯನ ಫ್ರಿಜ್ ಮೇಲೆ ಯೆಶಾಯ 9:4ರ ಮ್ಯಾಗ್ನೆಟ್ ಇತ್ತು. ನಗ್ತಾ ಇದೀರಿ, ಸರಿ, ನಾನೂ ಇಂಟರ್‌ವ್ಯೂಗೆ ಕಾರ್ಡ್ ಹಿಡ್ಕೊಂಡು ಹೋದವನೇ.

ಯೆರೆಮೀಯ ಏನು ಉತ್ತರ ಕೊಟ್ಟ? ಆಮೆನ್ ಅಂದ. ಆಮೆನ್ ಕಣಪ್ಪಾ, ದೇವರು ಹಾಗೇ ಮಾಡ್ಲಿ, ನೀನು ಹೇಳಿದ್ದು ನಿಜ ಆಗ್ಲಿ. ವ್ಯಂಗ್ಯ ಅಂತ ಕೆಲವರು ಹೇಳ್ತಾರೆ, ನನಗೆ ಅದು ಮನಸ್ಸಿಂದ ಬಂದ ಮಾತು ಅನ್ಸುತ್ತೆ, ತನ್ನ ಮಾತು ಸುಳ್ಳಾಗಿ ಅವನ ಮಾತು ನಿಜ ಆಗ್ಲಿ ಅಂತ ಅವನಿಗೂ ಆಸೆ ಇತ್ತು. ನೊಗ ಮುರಿದ ಮೇಲೆ ಏನೂ ಜಗಳ ಆಡ್ದೆ ತನ್ನ ದಾರಿ ಹಿಡಿದು ಹೋದ. ಸ್ವಲ್ಪ ದಿನ ಆದ್ಮೇಲೆ ಬಂದು, ನೀನು ಮರದ ನೊಗ ಮುರಿದೆ, ಅದರ ಬದಲು ಕಬ್ಬಿಣದ ನೊಗ ಬಂತು ಅಂದ. ಹನನ್ಯ ಅದೇ ವರ್ಷ ಏಳನೇ ತಿಂಗಳಲ್ಲಿ ಸತ್ತ.

ಈ ಜಗಳದ ಬೆನ್ನಿಗೇ 29ನೇ ಅಧ್ಯಾಯದ ಪತ್ರ ಇದೆ. ಬಾಬೆಲಿನಲ್ಲೂ ಹನನ್ಯನಂಥವರೇ ಇದ್ರು. ಕೋಲಾಯನ ಮಗ ಅಹಾಬ, ಮಾಸೇಯನ ಮಗ ಚಿದ್ಕೀಯ (ರಾಜ ಅಲ್ಲ, ಅದೇ ಹೆಸರಿನ ಇನ್ನೊಬ್ಬ), ಈ ಇಬ್ಬರ ಹೆಸರು ಪತ್ರದಲ್ಲೇ ಇದೆ, ಬಾಬೆಲಿನ ರಾಜ ಅವರನ್ನ ಬೆಂಕೀಲಿ ಸುಟ್ಟ ಅಂತಾನೂ ಇದೆ. ಇವತ್ತೋ ನಾಳೆಯೋ ಮನೆಗೆ ಹೋಗ್ತೀವಿ ಅಂತ ಸೆರೆಯವರಿಗೆ ಹೇಳ್ತಾ ಇದ್ದವರನ್ನ ಬಾಬೆಲಿನ ಸರ್ಕಾರ ದಂಗೆ ಎಬ್ಬಿಸೋರು ಅಂತ ನೋಡಿದ್ರೆ ಆಶ್ಚರ್ಯ ಇಲ್ಲ.

ಪತ್ರ ತಗೊಂಡು ಹೋದವರು ಇಬ್ಬರು, ಶಾಫಾನನ ಮಗ ಎಲಾಸ, ಹಿಲ್ಕೀಯನ ಮಗ ಗೆಮರ್ಯ (ಸುರುಳಿ ಸುಡಬೇಡಿ ಅಂದ ಗೆಮರ್ಯ ಅಲ್ಲ, ಇವನು ಬೇರೆ). ಇವರು ಯಾರು ಅಂದ್ರೆ ರಾಜ ಚಿದ್ಕೀಯ ನೆಬೂಕದ್ನೆಚ್ಚರನ ಹತ್ರ ಕಳಿಸಿದ ಸರ್ಕಾರಿ ದೂತರು. ಅಂದ್ರೆ ಯೆರೆಮೀಯನ ಪತ್ರ ಸರ್ಕಾರಿ ಟಪಾಲಿನ ಜೊತೆ ಹೋಯ್ತು. ಶಾಫಾನನ ಹೆಸರು ಮತ್ತೆ ಬಂತು ನೋಡಿ. ಶಾಫಾನ ಯೋಷೀಯನ ಕಾಲದಲ್ಲಿ ರಾಜಲೇಖಕ, 622ರಲ್ಲಿ ದೇವಾಲಯದಲ್ಲಿ ಧರ್ಮಶಾಸ್ತ್ರದ ಪುಸ್ತಕ ಸಿಕ್ಕಾಗ ರಾಜನ ಮುಂದೆ ಓದಿದವನು. ಅವನ ಒಬ್ಬ ಮಗ ಅಹೀಕಾಮ, ಜನ ಯೆರೆಮೀಯನನ್ನ ಕೊಲ್ಲೋಕೆ ಹೊರಟಾಗ ತಡೆದವನು. ಇನ್ನೊಬ್ಬ ಮಗ, ಆಗ್ಲೇ ಹೇಳಿದ್ನಲ್ಲ, ಸುರುಳಿ ಸುಡಬೇಡಿ ಅಂದವನು. ಮೂರನೆಯವನು ಈಗ ಪತ್ರ ಹೊತ್ತವನು. ಯೆರೆಮೀಯ ಒಂಟಿ ಮನುಷ್ಯ, ಊರಿಗೆಲ್ಲ ವಿರೋಧಿ ಅಂತ ನಾವು ಚಿತ್ರ ಬರ್ಕೊಂಡಿದೀವಿ. ಪೂರ್ತಿ ಅಲ್ಲ. ಅರಮನೆ ಒಳಗೇ ಬಾಬೆಲಿನ ಜೊತೆ ಸುಮ್ನೆ ಇರೋಣ ಅನ್ನೋ ಒಂದು ಗುಂಪಿತ್ತು, ಈ ಮನೆತನ ಆ ಗುಂಪಲ್ಲಿತ್ತು ಅಂತ ಕಾಣುತ್ತೆ, ಅವರಿಗೆ ಇವನು ಬೇಕಿತ್ತು, ಇವನಿಗೆ ಅವರು ಬೇಕಿತ್ತು. 1982ರಲ್ಲಿ ಯೆರೂಸಲೇಮಿನ ದಾವೀದನಗರ ಅನ್ನೋ ಕಡೆ ಯಿಗಾಲ್ ಶಿಲೋ ಅವರ ಉತ್ಖನನದಲ್ಲಿ ಮಣ್ಣಿನ ಮುದ್ರೆಗಳು ಸಿಕ್ಕಿದ್ವು, ಪತ್ರಕ್ಕೆ ದಾರ ಕಟ್ಟಿ ಮೇಲೆ ಒತ್ತೋ ಹಸಿಮಣ್ಣಿನ ಉಂಡೆ. ಪಪೈರಸ್ ಎಲ್ಲ ಸುಟ್ಟು ಹೋಯ್ತು, ಅದೇ ಬೆಂಕೀಲಿ ಈ ಉಂಡೆಗಳು ಇಟ್ಟಿಗೆ ಥರ ಬೆಂದು ಗಟ್ಟಿಯಾಗಿ ಉಳ್ಕೊಂಡ್ವು. ಉಗುರಿನಷ್ಟು ಚಿಕ್ಕದು. ಅದರಲ್ಲಿ ಒಂದರ ಮೇಲೆ ಇರೋದು, ಶಾಫಾನನ ಮಗ ಗೆಮರ್ಯಾಹು. ಬಾರೂಕನ ಮುದ್ರೆ ಅಂತ ವಾಟ್ಸ್ಯಾಪ್‌ನಲ್ಲಿ ಒಂದು ಫೋಟೋ ಓಡಾಡುತ್ತೆ, ಅದನ್ನ ಸ್ವಲ್ಪ ಹುಷಾರಾಗಿ ನೋಡಿ, ಅದು ಉತ್ಖನನದಲ್ಲಿ ಸಿಕ್ಕಿದ್ದಲ್ಲ, ನಕಲಿ ಅಂತ ಬಹಳ ವಿದ್ವಾಂಸರು ಹೇಳ್ತಾರೆ.

ಪತ್ರದಲ್ಲಿ ಏನಿದೆ? ಮನೆ ಕಟ್ಕೊಳ್ಳಿ, ವಾಸ ಮಾಡಿ. ತೋಟ ಹಾಕಿ, ಹಣ್ಣು ತಿನ್ನಿ. ಮದುವೆ ಆಗಿ, ಮಕ್ಕಳು ಮಾಡ್ಕೊಳ್ಳಿ, ಮಕ್ಕಳಿಗೂ ಮದುವೆ ಮಾಡಿ, ಅವರಿಗೂ ಮಕ್ಕಳಾಗ್ಲಿ. ಎಣಿಸಿ ನೋಡಿ, ನೀವು, ನಿಮ್ಮ ಮಕ್ಕಳು, ಮೊಮ್ಮಕ್ಕಳು. ಎಪ್ಪತ್ತು ವರ್ಷ ಅನ್ನೋ ಮಾತು 10ರಲ್ಲಿ ಬರುತ್ತೆ, ಆದ್ರೆ ಪತ್ರ ಕೇಳ್ತಾ ಇದ್ದ ಹೆಂಗಸಿಗೆ 6ನೇ ವಚನದಲ್ಲೇ ಗೊತ್ತಾಗಿರುತ್ತೆ, ಅಯ್ಯೋ ನಾನು ವಾಪಸ್ ಹೋಗಲ್ಲ ಅಂತ. ಬಾಬೆಲಿನಲ್ಲಿ ತೋಟ ಅಂದ್ರೆ ಖರ್ಜೂರ. ಖರ್ಜೂರದ ಸಸಿ ಇವತ್ತು ನೆಟ್ರೆ ನಾಳೆ ಫಲ ಬಿಡಲ್ಲ, ನಮ್ಮ ಕಡೆ ತೆಂಗಿನ ಸಸಿ ನೆಟ್ಟ ಹಾಗೆ, ಎರಡು ವರ್ಷದಲ್ಲಿ ಊರಿಗೆ ಹೋಗೋನು ಯಾರಾದ್ರೂ ಬಾಡಿಗೆ ಮನೆ ಹಿತ್ತಲಲ್ಲಿ ತೆಂಗು ನೆಡ್ತಾನಾ?

ಆಮೇಲೆ 7ನೇ ವಚನ, ಇದು ಎಲ್ಲಕ್ಕಿಂತ ಕಷ್ಟದ್ದು. ನಿಮ್ಮನ್ನ ಸೆರೆ ಕಳಿಸಿರೋ ಆ ಪಟ್ಟಣದ ಕ್ಷೇಮ ಹುಡುಕಿ, ಅದಕ್ಕೋಸ್ಕರ ಪ್ರಾರ್ಥನೆ ಮಾಡಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ. ಹೀಬ್ರೂದಲ್ಲಿ ಶಾಲೋಮ್, ಒಂದೇ ವಚನದಲ್ಲಿ ಮೂರು ಸಲ. ಇಸ್ರಾಯೇಲ್ಯರು ಯೆರೂಸಲೇಮಿನ ಶಾಲೋಮ್‌ಗೆ ಪ್ರಾರ್ಥಿಸೋರು, ಅದಕ್ಕೊಂದು ಕೀರ್ತನೆಯೇ ಇದೆ. ಈಗ ಆ ಪದವನ್ನ ತಗೊಂಡು ಹೋಗಿ ಶತ್ರುವಿನ ಊರಿಗೆ ಇಟ್ಟ. 11ನೇ ವಚನದ ಹಿತದ ಯೋಚನೆ ಅಂತ ಕನ್ನಡದಲ್ಲಿ ಓದ್ತೀವಲ್ಲ, ಅಲ್ಲೂ ಇರೋದು ಅದೇ ಶಾಲೋಮ್. ಕನ್ನಡದಲ್ಲಿ ಒಂದು ಕಡೆ ಕ್ಷೇಮ, ಒಂದು ಕಡೆ ಹಿತ ಅಂತ ಬರೋದ್ರಿಂದ ನಮಗೆ ಆ ದಾರ ಕಾಣಲ್ಲ. ಬಾಬೆಲಿನ ಶಾಲೋಮ್ ಬಿಟ್ಟು ನಿಮ್ಮ ಶಾಲೋಮ್ ಬೇರೆ ಇಲ್ಲ ಅಂತ 7ರಲ್ಲಿ ಹೇಳಿದ ಮೇಲೇನೇ 11ರಲ್ಲಿ ನನ್ನ ಯೋಚನೆ ಶಾಲೋಮಿನದು ಅಂತಾನೆ.

ಇನ್ನೊಂದು ಸೂಕ್ಷ್ಮ ಇದೆ, ಇದು ಕನ್ನಡ ಓದೋರಿಗೆ ಆಗೋ ಮೋಸ. ನಿಮ್ಮ ವಿಷಯದಲ್ಲಿ ಅಂತ ಇದೆಯಲ್ಲ, ನಮಗೆ ನೀವು ಅಂದ್ರೆ ಮರ್ಯಾದೆನೂ ಹೌದು, ಬಹುವಚನನೂ ಹೌದು. ಒಬ್ಬಳೇ ಕೂತು ಓದೋ ನಮ್ಮ ಚಿಕ್ಕಮ್ಮನಿಗೆ ದೇವರು ತನ್ನನ್ನ ಮರ್ಯಾದೆ ಕೊಟ್ಟು ನೀವು ಅಂತಿದಾನೆ ಅಂತ ಅನ್ಸುತ್ತೆ. ಆದ್ರೆ ಕನ್ನಡ ಬೈಬಲ್‌ನಲ್ಲಿ ದೇವರು ಒಬ್ಬನ ಹತ್ರ ಮಾತಾಡಿದ್ರೆ ನೀನು ಅಂತಾನೆ. ಇದೇ ಯೆರೆಮೀಯನ ಮೊದಲನೇ ಅಧ್ಯಾಯ ನೋಡಿ, ನಿನ್ನನ್ನು ಗರ್ಭದಲ್ಲಿ ರೂಪಿಸೋ ಮೊದಲೇ ನಿನ್ನನ್ನು ತಿಳಿದಿದ್ದೆ, ಎಲ್ಲಾ ಏಕವಚನ. 29ರಲ್ಲಿ ನಿಮ್ಮ ಅಂದ್ರೆ ಹೀಬ್ರೂದಲ್ಲಿ ಖಂಡಿತ ಬಹುವಚನ, ನೀವೆಲ್ಲರೂ, ಒಂದು ಇಡೀ ಜನಾಂಗ. ಆ ಗತಿ, ಆ ನಿರೀಕ್ಷೆ ಯಾರೋ ಒಬ್ಬನ ಕೆರಿಯರ್ ಪ್ಲಾನ್ ಅಲ್ಲ. ಪತ್ರ ಕೇಳಿಸ್ಕೊಂಡ ಹಿರಿಯರಲ್ಲಿ ಒಬ್ಬರೂ ಅದನ್ನ ಕಣ್ಣಾರೆ ನೋಡೋರಲ್ಲ. ಹಂಗಾದ್ರೆ ಅವರಿಗೆ ಅದು ಸಮಾಧಾನ ಹೇಗಾಯ್ತು ಅಂತ ಕೇಳ್ತೀರಿ. ನನಗೆ ಅನ್ಸೋದು, ದೇವರು ತಮ್ಮನ್ನ ಬಿಟ್ಟೇಬಿಟ್ಟ ಅಂತ ಅವರಿಗೆ ಊರವರೇ ಹೇಳಿದ್ರು. ಯೆರೂಸಲೇಮಿನಲ್ಲಿ ಉಳಿದವರು, ಹೋದವರು ಹೋದ್ರು, ದೇಶ ನಮ್ಮದು ಅಂತಿದ್ರು ಅಂತ ಯೆಹೆಜ್ಕೇಲ ಬರೀತಾನೆ. ಆಸ್ತಿ ಜಗಳ ನೋಡಿದವರಿಗೆ ಈ ಮಾತಿನ ಧಾಟಿ ಗೊತ್ತು. ಅಂಥವರಿಗೆ, ನಿಮ್ಮನ್ನ ನಾನು ಲೆಕ್ಕದಿಂದ ತೆಗೆದಿಲ್ಲ, ಮುಂದಿನ ಕಥೆ ನಿಮ್ಮ ಮೊಮ್ಮಕ್ಕಳಿಂದ ನಡೆಯುತ್ತೆ ಅಂತ ಪತ್ರ ಬಂತು.

ಎಪ್ಪತ್ತರ ಲೆಕ್ಕ ಹೇಗೆ ಅಂತ ಮಧ್ಯದಲ್ಲಿ ಒಬ್ಬರು ಕೇಳಿದ್ರು. ಅಶ್ಶೂರ ಪೂರ್ತಿ ಮುಗಿದ 609ರಿಂದ ಪರ್ಷಿಯದ ರಾಜ ಕೋರೆಷ ಬಾಬೆಲ್ ಹಿಡಿದ 539ರವರೆಗೆ ಸರಿಯಾಗಿ 70. ದೇವಾಲಯ ಸುಟ್ಟಾಗಿಂದ ಮತ್ತೆ ಕಟ್ಟಿ ಮುಗಿಸೋವರೆಗೂ ಸುಮಾರು 70. ಪತ್ರ ಹೋದ ವರ್ಷದಿಂದ ಎಣಿಸಿದ್ರೆ ಅಷ್ಟಾಗಲ್ಲ, 60ರ ಒಳಗೇ. 90ನೇ ಕೀರ್ತನೇಲಿ ಮನುಷ್ಯನ ಆಯಸ್ಸೇ ಎಪ್ಪತ್ತು. ಒಂದು ಮಜಾ ಇದೆ, ಅಶ್ಶೂರದ ರಾಜ ಎಸರ್‌ಹದ್ದೋನನ ಶಾಸನದಲ್ಲಿ, ಅಂದ್ರೆ ಯೆರೆಮೀಯನಿಗಿಂತ ಎರಡು ತಲೆಮಾರು ಹಿಂದೆ, ಮರ್ದೂಕ ದೇವರು ಬಾಬೆಲಿಗೆ 70 ವರ್ಷ ಹಾಳು ಬೀಳೋ ಶಿಕ್ಷೆ ಬರೆದಿದ್ದ, ಆಮೇಲೆ ಕನಿಕರ ಬಂದು ಅಂಕಿಯನ್ನ ತಿರುವಿ ಹಾಕಿ 11 ಮಾಡಿದ ಅಂತ ಇದೆ. ಅವರ ಮೊಳೆಲಿಪೀಲಿ 70ರ ಗುರುತುಗಳನ್ನ ಹಿಂದು ಮುಂದು ಮಾಡಿದ್ರೆ 11 ಆಗುತ್ತೆ. ಅಂದ್ರೆ ದೇವರ ಸಿಟ್ಟು ಇಳಿಯೋಕೆ ಎಪ್ಪತ್ತು ವರ್ಷ ಅನ್ನೋದು ಆ ಸೀಮೇಲಿ ಜನ ಕೇಳಿದ್ದ ಮಾತೇ. ಯೆರೆಮೀಯನ ಎಪ್ಪತ್ತು ಮಾತ್ರ ಹನ್ನೊಂದಾಗಲಿಲ್ಲ.

ಪತ್ರಕ್ಕೆ ಉತ್ತರ ಬಂತು ಅಂದ್ನಲ್ಲ. ಬಾಬೆಲಿನಿಂದ ಶೆಮಾಯ ಅನ್ನೋನು ಯೆರೂಸಲೇಮಿನ ಯಾಜಕ ಚೆಫನ್ಯನಿಗೆ ಬರೀತಾನೆ, ಆ ಹುಚ್ಚನಿಗೆ ಕೋಳ ಹಾಕೋದು ನಿಮ್ಮ ಕೆಲಸ ಅಲ್ವಾ, ಯಾಕೆ ಸುಮ್ನಿದ್ದೀರಿ, ಬಹುಕಾಲ ಆಗುತ್ತೆ ಮನೆ ಕಟ್ಕೊಳ್ಳಿ ಅಂತ ನಮಗೆ ಬರೆದಿದಾನೆ ಅಂತ ದೂರು. ಚೆಫನ್ಯ ಅದನ್ನ ಯೆರೆಮೀಯನ ಮುಂದೇನೇ ಓದಿ ಹೇಳಿದ. ಪತ್ರ ಓದಿ ಕಣ್ಣೀರು ಹಾಕಿ ಸಮಾಧಾನ ಆದ್ರು ಅಂತ ಎಲ್ಲೂ ಇಲ್ಲ, ದಾಖಲಾದ ಪ್ರತಿಕ್ರಿಯೆ ಇದೊಂದೇ.

ಆಮೇಲಿನದ್ದು ನಿಮಗೆ ಗೊತ್ತಿರೋದೇ, ಬೇಗ ಹೇಳಿ ಮುಗಿಸ್ತೀನಿ. ಚಿದ್ಕೀಯ ಕೊನೆಗೂ ದಂಗೆ ಎದ್ದ, 587ರಲ್ಲಿ ಊರು, ದೇವಾಲಯ ಎಲ್ಲಾ ಸುಟ್ಟು ಹೋಯ್ತು, ಕೆಲವರು 586 ಅಂತಾರೆ. ಮುತ್ತಿಗೆ ನಡೀತಾ ಇರೋವಾಗ್ಲೇ ಯೆರೆಮೀಯ ಅನಾತೋತಿನಲ್ಲಿ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಹೊಲ ಕೊಂಡ, ಕ್ರಯಪತ್ರ ಎರಡು ಪ್ರತಿ, ಒಂದಕ್ಕೆ ಮುದ್ರೆ, ಒಂದು ತೆರೆದಿದ್ದು, ಎರಡನ್ನೂ ಮಣ್ಣಿನ ಗಡಿಗೇಲಿ ಇಡಿಸಿದ. ಶತ್ರು ಸೈನ್ಯ ಬೀಡು ಬಿಟ್ಟಿರೋ ಸೀಮೇಲಿ ಸೈಟ್ ತಗೊಂಡ ಹಾಗೆ. 1935ರಲ್ಲಿ ಲಾಕೀಷ್ ಕೋಟೆ ಬಾಗಿಲ ಹತ್ರ ಮಡಕೆ ಚೂರಿನ ಮೇಲೆ ಶಾಯೀಲಿ ಬರೆದ ಪತ್ರಗಳು ಸಿಕ್ಕಿದ್ವು. ಒಂದರಲ್ಲಿ ಯಾವನೋ ಒಬ್ಬ ಕಾವಲಿನವನು, ನಾವು ಲಾಕೀಷಿನ ಬೆಂಕಿ ಸನ್ನೆ ನೋಡ್ತಾ ಇದೀವಿ, ಅಜೇಕದ್ದು ಕಾಣ್ತಿಲ್ಲ ಅಂತ ಬರೆದಿದಾನೆ. ಯೆರೆಮೀಯ 34:7ರಲ್ಲಿ ಕೊನೆಗೆ ಉಳಿದಿದ್ದ ಕೋಟೆ ಊರುಗಳು ಅಂತ ಇರೋದು ಅದೇ ಎರಡು, ಲಾಕೀಷ್ ಮತ್ತು ಅಜೇಕ. ಇನ್ನೊಂದು ಚೂರಲ್ಲಿ ಕೈ ಬಲಗುಂದಿಸೋ ಮಾತಿನ ಬಗ್ಗೆ ದೂರಿದೆ, ಯೆರೆಮೀಯನನ್ನ ಬಾವಿಗೆ ಹಾಕಿಸೋವಾಗ ಅಧಿಕಾರಿಗಳು ಅವನ ಮೇಲೆ ಹೊರಿಸಿದ್ದೂ ಅದೇ ಆಪಾದನೆ, ಪದ ಸಮೇತ. ಯೆರೆಮೀಯನನ್ನ ಕೊನೆಗೆ ಅವನ ಜನವೇ ಈಜಿಪ್ಟಿಗೆ ಎಳ್ಕೊಂಡು ಹೋದ್ರು. ಅವನೂ ಆ ಎಪ್ಪತ್ತರ ಕೊನೆ ನೋಡ್ಲಿಲ್ಲ.

ಪತ್ರ ತಲುಪಿದ ಕಡೆ ಏನಾಯ್ತು? ರಾಜ ಯೆಹೋಯಾಖೀನನ ಸುದ್ದಿ ಸಿಗುತ್ತೆ. ಜರ್ಮನಿಯವರು 1899ರಿಂದ 1917ರವರೆಗೆ ಬ್ಯಾಬಿಲೋನ್ ಅಗೆದಾಗ ಅರಮನೆ ಕೆಳಗೆ ರೇಷನ್ ಫಲಕಗಳು ಸಿಕ್ಕಿದ್ವು, 1939ರಲ್ಲಿ ಪ್ರಕಟ ಆದ್ವು. ಯೆಹೂದದ ರಾಜ ಯಾಉಕೀನು, ಅವನ ಐದು ಮಕ್ಕಳು, ಇಷ್ಟಿಷ್ಟು ಎಣ್ಣೆ. ಐದು ಮಕ್ಕಳು, ಗಮನಿಸಿ! ಪತ್ರದ 6ನೇ ವಚನ ಪಾಲಿಸಿದ ಮೊದಲನೆಯವನು ಅವನೇ ಇರ್ಬೇಕು.

ಸಾಮಾನ್ಯ ಜನರ ಸುದ್ದಿ ಬಹಳ ಕಾಲ ಗೊತ್ತಿರಲಿಲ್ಲ. 2014ರಲ್ಲಿ ಲಾರಿ ಪಿಯರ್ಸ್, ಕಾರ್ನೀಲಿಯಾ ವುನ್ಷ್ ಅನ್ನೋ ಇಬ್ಬರು ವಿದ್ವಾಂಸೆಯರು ನೂರಕ್ಕೂ ಹೆಚ್ಚು ಮಣ್ಣಿನ ಫಲಕ ಪ್ರಕಟಿಸಿದ್ರು. ಉತ್ಖನನದಲ್ಲಿ ಸಿಕ್ಕಿದ್ದಲ್ಲ, ಹಳೇ ವಸ್ತುಗಳ ಮಾರ್ಕೆಟ್‌ನಿಂದ ಬಂದದ್ದು, ಅದೊಂದು ಕೊರತೆ. ಅತಿ ಹಳೇದು ಕ್ರಿ.ಪೂ. 572, ಊರಿನ ಹೆಸರು ಆಲ್ ಯಾಹೂದು, ಅಂದ್ರೆ ಯೆಹೂದದ ಊರು, ಬಾಬೆಲಿನ ಹಳ್ಳಿಗಾಡಲ್ಲಿ. ಎಲ್ಲಾ ವ್ಯವಹಾರದ ಪತ್ರಗಳು, ಜವೆಗೋಧಿ ಸಾಲ, ಖರ್ಜೂರದ ಗೇಣಿ, ಸಾಕ್ಷಿಗಳ ಹೆಸರು. ಒಂದು ಮನೆತನದ ನಾಲ್ಕು ತಲೆಮಾರು ಸಿಗುತ್ತೆ, ರಾಫಾಯಾಮ, ಅವನ ಮಗ ಅಹೀಕಾಮ, ಹೀಗೆ. ಯಾಮ ಅಂದ ತಕ್ಷಣ ನಮ್ಮ ಯಮನ ನೆನಪಾಗುತ್ತೆ, ಅಲ್ಲ, ಅದು ಯೆಹೋವನ ಹೆಸರಿನ ಚೂರು, ಬಾಬೆಲಿನ ಲೇಖಕರ ಕಿವಿಗೆ ಕೇಳಿಸಿದ ಹಾಗೆ ಬರ್ಕೊಂಡಿದಾರೆ. ಮನೆ, ತೋಟ, ಮಗ, ಮೊಮ್ಮಗ, ಕೊನೆಗೆ ಆಸ್ತಿ ಪಾಲು. ಪತ್ರದಲ್ಲಿ ಬರೆದಿದ್ದೆಲ್ಲ ಲೆಕ್ಕಪತ್ರದ ರೂಪದಲ್ಲಿ.

ಅದರಲ್ಲಿ ಒಂದು ಫಲಕ ನನಗೆ ತುಂಬಾ ಇಷ್ಟ. ಪತ್ರ ಪೂರ್ತಿ ಬಾಬೆಲಿನ ಮೊಳೆಲಿಪೀಲಿದೆ, ಆದ್ರೆ ಹಸಿ ಮಣ್ಣಿನ ಮೇಲೆ ಯಾರೋ ಹಳೇ ಹೀಬ್ರೂ ಅಕ್ಷರದಲ್ಲಿ ಒಂದು ಹೆಸರು ಗೀಚಿದಾರೆ. ಶೆಲೆಮ್ಯ. ಆ ಹೆಸರಿನ ಧಾತು ಶಾಲೋಮಿನದೇ.